ಬಾಡಿಗೆ ಇಲ್ಲದ ತಾಲೀಮು ಖೋಲಿ: ಬಾಗಲಕೋಟೆಯ ವೃತ್ತಿ ಕಲಾವಿದರು ಮಾಡಿಕೊಳ್ಳಬಹುದಾದ ವ್ಯವಸ್ಥೆ

ಮಳೆಗಾಲ ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಹತ್ತು ಬಾಯಿಂದ ಬರುತ್ತದೆ. ನಾಟಕ ಕಂಪನಿ ಕ್ಯಾಂಪ್ ಎತ್ತಿದೆ, ಹಳ್ಳಿ ನಾಟಕಗಳ ಕರೆ ನಿಂತಿದೆ; ಇನ್ನು ನಾಲ್ಕು ತಿಂಗಳು ಗಂಟಲಿಗೂ ಮೈಗೂ ಜಂಗು ಹಿಡಿಯದಂತೆ ತಾಲೀಮು ಮಾಡಲು ಊರಲ್ಲಿ ಜಾಗ ಎಲ್ಲಿದೆ? ಮನೆಯಲ್ಲಿ ದನಿ ಎತ್ತಿದರೆ ಬಾಜೂ ಮನೆಯವರು ಬರುತ್ತಾರೆ. ಹಾಲ್ ಬಾಡಿಗೆ ಕೊಡೋಣವೆಂದರೆ ಕೆಲಸವಿಲ್ಲದ ತಿಂಗಳಲ್ಲಿ ದುಡ್ಡಿಲ್ಲ.

ಉತ್ತರ ಇದೆ. ಬಾಗಲಕೋಟೆಯಂಥ ಊರಲ್ಲಿ ವಾರದ ದಿನಗಳ ಮಧ್ಯಾಹ್ನ ಖಾಲಿ ಬೀಳುವ ಖೋಲಿಗಳಿಗೆ ಕೊರತೆಯಿಲ್ಲ. ಅದನ್ನು ಕೇಳುವ ರೀತಿ, ಪಡೆದ ಮೇಲೆ ಉಳಿಸಿಕೊಳ್ಳುವ ರೀತಿ ಇಲ್ಲಿದೆ. ಜಾಗ ಸಿಗುವುದು ಅಷ್ಟು ಕಷ್ಟವಲ್ಲ. ಮೂರೇ ತಿಂಗಳಿಗೆ ಅದು ಕೈತಪ್ಪುವುದು ಚಾವಿ, ಕರೆಂಟ್ ಬಿಲ್, ಕಸ ಈ ಮೂರರಿಂದ. ಹಾಗಾಗಿ ನಟನೆಗಿಂತ ಆ ಮೂರರ ಬಗ್ಗೆಯೇ ಇಲ್ಲಿ ಹೆಚ್ಚು ಹೇಳಿದ್ದೇವೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಇದು ಒಂದು ತಂಡ ಒಂದು ನಾಟಕ ಕಟ್ಟುವ ಜಾಗವಲ್ಲ. ಕಂಪನಿ ಕಲಾವಿದರು, ಹಳ್ಳಿ ನಾಟಕಗಳಿಗೆ ಕರೆ ಹೋಗುವ ನಟಿಯರು, ಶ್ರೀಕೃಷ್ಣ ಪಾರಿಜಾತ, ಸಣ್ಣಾಟದಂಥ ಜನಪದ ನಾಟಕಗಳ ಮೇಳದವರು, ಬೀದಿ ನಾಟಕದವರು, ಧಾರಾವಾಹಿ ಆಡಿಷನ್‌ಗೆ ತಯಾರಾಗುವವರು, ಹೀಗೆ ನಟನೆಯಿಂದಲೇ ಹೊಟ್ಟೆ ಹೊರೆಯುವ ಎಲ್ಲರಿಗೂ ತೆರೆದ ಅಭ್ಯಾಸದ ಖೋಲಿ. ಮಕ್ಕಳ ಅಭಿನಯ ತರಗತಿಯನ್ನು ಇದರೊಳಗೆ ಬೆರೆಸಬೇಡಿ. ಫೀ ತೆಗೆದುಕೊಳ್ಳುವ ತರಗತಿ ಒಂದು ನಡೆದರೂ ಸಾಕು, ಜಾಗ ಕೊಟ್ಟವರು 'ನೀವು ಗಳಿಸುತ್ತೀರಿ, ಬಾಡಿಗೆ ಕೊಡಿ' ಎನ್ನುತ್ತಾರೆ. ಅವರು ಹೇಳುವುದು ನ್ಯಾಯವೇ.

1. ಏಳು ಜನ ಮತ್ತು ಒಂದು ವೇಳೆ

ಜಾಗ ಹುಡುಕುವ ಮೊದಲು ಏಳು ಜನ ಕೂಡಿ. ಏಳು ಯಾಕೆಂದರೆ, ಮುಂದೆ ಸಂಘ ನೋಂದಣಿ ಮಾಡಬೇಕಾಗಿ ಬಂದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಸದಸ್ಯರು ಬೇಕು. ಆದರೆ ನೋಂದಣಿಯಿಂದಲೇ ಶುರು ಮಾಡಬೇಡಿ. ಅಧ್ಯಕ್ಷ ಯಾರು, ಕಾರ್ಯದರ್ಶಿ ಯಾರು ಎಂಬ ಜಗಳದಲ್ಲೇ ಮಳೆಗಾಲ ಮುಗಿಯುತ್ತದೆ. ಏಳು ಜನರಲ್ಲಿ ಇಬ್ಬರಾದರೂ ಹೆಣ್ಣುಮಕ್ಕಳಿರಲಿ, ಎಲ್ಲರೂ ಒಂದೇ ಕಂಪನಿಯವರಾಗದಿರಲಿ.

ನಂತರ ವೇಳೆ. ವೃತ್ತಿ ನಟರು ರಾತ್ರಿ ದುಡಿಯುವವರು, ಬೆಳಗ್ಗೆ ಆರಕ್ಕೆ ಬನ್ನಿ ಎಂದರೆ ಯಾರೂ ಬರುವುದಿಲ್ಲ. ಸಂಜೆ ಆರರ ಮೇಲೆ ಎಂದರೆ ಹಾಲ್‌ಗಳೇ ಸಿಗುವುದಿಲ್ಲ. ಮಧ್ಯಾಹ್ನ 3:30ರಿಂದ 6 ಗಂಟೆ, ವಾರಕ್ಕೆ ಮೂರು ದಿನ: ಇಳಕಲ್ಲಿನಿಂದ, ಗುಳೇದಗುಡ್ಡದಿಂದ ಬರುವವರಿಗೂ ಹಿಂದಿರುಗುವ ಬಸ್ಸು ಸಿಗುವಂಥ ವೇಳೆ ಇದು. ಆರು ದಿನ ಕೇಳಿ ಎರಡು ದಿನ ಬಳಸಿದರೆ ಉಳಿದ ನಾಲ್ಕು ದಿನ ಬೀಗ ಹಾಕಿದ ಬಾಗಿಲನ್ನೇ ಜಾಗ ಕೊಟ್ಟವರು ಎಣಿಸುತ್ತಾರೆ.

2. ಎಲ್ಲಿ ಕೇಳುವುದು

ನವನಗರದ ಕಲಾಭವನ ಕೇಳಬೇಡಿ. ಬೆಳಗಾವಿಯವರು ಕುಮಾರ ಗಂಧರ್ವ ರಂಗಮಂದಿರವನ್ನು, ವಿಜಯಪುರದವರು ಕಂದಗಲ್ ಹನುಮಂತರಾಯ ರಂಗಮಂದಿರವನ್ನು ಕೇಳಬೇಡಿ. ಅವು ಪ್ರದರ್ಶನದ ಜಾಗಗಳು. ಯಾವುದೇ ಸರ್ಕಾರಿ ಕಾರ್ಯಕ್ರಮ ಬಂದರೂ ನಿಮ್ಮನ್ನು ಬದಿಗೆ ಸರಿಸುತ್ತಾರೆ, ಮೇಲಾಗಿ ನಿಮಗೆ ಬೇಕಾದದ್ದು ಸಾವಿರ ಕುರ್ಚಿಯಲ್ಲ, ಖಾಲಿ ನೆಲ. ಕೇಳಬಹುದಾದ ಜಾಗಗಳು ಇವು:

ಸಮುದಾಯ ಭವನ. ನವನಗರದ ಸೆಕ್ಟರ್‌ಗಳಲ್ಲಿ ಇವು ಇವೆ. ಮದುವೆ, ಸಭೆ ಇಲ್ಲದ ವಾರದ ದಿನ ಖಾಲಿ. ಆದರೆ ಭವನ ಯಾರದು ಎಂಬುದನ್ನು ಮೊದಲು ತಿಳಿದುಕೊಳ್ಳಿ: ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ್ದೋ, ನಗರಸಭೆಯದ್ದೋ, ಸಮಾಜ ಕಲ್ಯಾಣ ಇಲಾಖೆಯದ್ದೋ, ಯಾವುದಾದರೂ ಸಮಾಜದ ಟ್ರಸ್ಟಿನದ್ದೋ. ಚಾವಿ ಇಟ್ಟುಕೊಂಡವನು ಒಬ್ಬ, ಅಧಿಕಾರ ಇರುವವರು ಇನ್ನೊಬ್ಬರು. ವಾಚ್‌ಮನ್ 'ಬರ್ರಿ, ನಾ ಅದೀನಿ' ಎಂದ ಮಾತಿನ ಮೇಲೆ ಹದಿನೈದು ದಿನ ತಾಲೀಮು ನಡೆಸಿ, ಹದಿನಾರನೇ ದಿನ ಬೀಗ ನೋಡಿ ಹಿಂದಿರುಗುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ಮಠದ ಪ್ರಸಾದ ನಿಲಯ ಅಥವಾ ದಾಸೋಹದ ಪಡಸಾಲೆ. ನಮ್ಮ ಕಡೆ ನಾಟಕಕ್ಕೆ ಮಠಗಳ ಆಸರೆ ಹೊಸದಲ್ಲ. ನೆಲ ವಿಶಾಲ, ನೀರು ಇರುತ್ತದೆ. ಶ್ರಾವಣದಲ್ಲಿ ಮಾತ್ರ ಪ್ರವಚನ ಇರುತ್ತದೆ, ಆ ತಿಂಗಳು ಬಿಟ್ಟುಕೊಡಬೇಕು. ಕುಡುಕನ ಪಾತ್ರದ, ಬೈಗುಳದ ಸಂಭಾಷಣೆಗಳಿಗೆ ಇದು ಜಾಗವಲ್ಲ ಎಂಬುದನ್ನು ನೀವಾಗಿಯೇ ಅರಿತು ನಡೆಯಿರಿ.

ಶಾಲೆ, ಕಾಲೇಜಿನ ಸಭಾಭವನ. ಸರ್ಕಾರಿ ಶಾಲೆಯಾದರೆ ಮುಖ್ಯೋಪಾಧ್ಯಾಯರ ಒಪ್ಪಿಗೆಯೊಂದೇ ಸಾಲದು. ಎಸ್‌ಡಿಎಂಸಿ, ಅಂದರೆ ಪಾಲಕರು ಸೇರಿದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಒಪ್ಪಿಗೆಯೂ ಇರಲಿ. ಶನಿವಾರ ಮಧ್ಯಾಹ್ನದ ಮೇಲೆ ಶಾಲೆ ಖಾಲಿ.

ಗರಡಿಮನೆ. ತಾಲೀಮು ಎಂಬ ಶಬ್ದ ಪೈಲ್ವಾನರಿಗೂ ನಮಗೂ ಒಂದೇ ಎಂದು ಹಲವರಿಗೆ ಇದರ ಮೇಲೆ ಆಸೆ. ಅಖಾಡದ ಮಣ್ಣಿಗೆ ಅದರದೇ ಶಿಸ್ತಿದೆ, ಹಲವು ಕಡೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. ಬಾಜೂ ಬೇರೆ ಖೋಲಿ ಇದ್ದರೆ ಮಾತ್ರ ಕೇಳಿ.

3. ಅಳೆದು, ಕೂಗಿ ನೋಡಿ

ಜಾಗ ನೋಡಲು ಹೋಗುವಾಗ ಅಳತೆಯ ಟೇಪು, ಒಬ್ಬ ಜೊತೆಗಾರ, ಒಂದು ಬಾಟಲಿ ನೀರು ಇರಲಿ.

ಅಳತೆ: 20 ಅಡಿಗೆ 30 ಅಡಿ ಖೋಲಿ ಉತ್ತಮ. ಮೈ ಬೀಸಿ ಮಾಡುವ ಅಭ್ಯಾಸಕ್ಕೆ ಒಬ್ಬರಿಗೆ 50 ಚದರ ಅಡಿ ಬೇಕು. 600 ಚದರ ಅಡಿಯಲ್ಲಿ 12 ಜನ. ಅದಕ್ಕಿಂತ ಹೆಚ್ಚಾದರೆ ಕೈ ಕೈಗೆ ತಾಗುತ್ತದೆ, ಎಲ್ಲರೂ ಅರ್ಧ ಮೈಯಲ್ಲಿ ಅಭಿನಯಿಸುತ್ತಾರೆ, ಅದೇ ರೂಢಿಯಾಗುತ್ತದೆ. ಕತ್ತಿ, ಗದೆ ಹಿಡಿಯುವ ಪಾತ್ರಗಳಿಗೆ ಮಾಳಿಗೆ 10 ಅಡಿಗಿಂತ ಕೆಳಗಿರಬಾರದು. ತಿರುಗುವ ಫ್ಯಾನಿನ ಎತ್ತರವನ್ನೂ ಅಳೆಯಿರಿ.

ನೆಲ: ನಮ್ಮ ಕಡೆ ಹೆಚ್ಚಾಗಿ ಶಹಾಬಾದ್ ಫರಸಿ. ನಿಂತು ಮಾತಾಡಲು ಚಲೋ, ಜಿಗಿಯಲು ಕೆಟ್ಟದ್ದು. ಮಣ್ಣಿನ ಮೇಲೆ ನೇರ ಕೂಡಿಸಿದ ಕಲ್ಲು ಬಾಗುವುದಿಲ್ಲ, ಜಿಗಿತದ ಪೆಟ್ಟೆಲ್ಲ ಮೊಣಕಾಲಿಗೂ ಮುಂಗಾಲಿನ ಎಲುಬಿಗೂ ಬರುತ್ತದೆ. ಎರಡು ವಾರಕ್ಕೆ ಮುಂಗಾಲು ನೋವು ಶುರುವಾದರೆ ತಪ್ಪು ನಿಮ್ಮ ವಯಸ್ಸಿನದಲ್ಲ, ನೆಲದ್ದು. ಜೂಡೋದವರು ಬಳಸುವ ಒಂದು ಮೀಟರ್ ಚೌಕದ ಮ್ಯಾಟ್‌ಗಳನ್ನು 20 ಅಡಿಗೆ 16 ಅಡಿ ಜಾಗಕ್ಕೆ ಹಾಸಲು ಸುಮಾರು 30 ಬೇಕು. ಅಷ್ಟು ಸಿಗದಿದ್ದರೆ ಎಂಟು ಮ್ಯಾಟ್ ತಂದು ಬೀಳುವ, ಜಿಗಿಯುವ ಕೆಲಸವನ್ನು ಸರತಿಯಲ್ಲಿ ಅವುಗಳ ಮೇಲೆಯೇ ಮಾಡಿ. ನುಣುಪು ಟೈಲ್ಸ್ ಮೇಲೆ ಜಮಖಾನ ಹಾಸಬೇಡಿ, ಓಡಿದ ಕೂಡಲೇ ಜಮಖಾನವೇ ಜಾರುತ್ತದೆ.

ದನಿ: ಇದನ್ನು ಯಾರೂ ಪರೀಕ್ಷಿಸುವುದಿಲ್ಲ, ಆದರೆ ಕನ್ನಡ ಆಡುವವರಿಗೆ ಇದೇ ಮುಖ್ಯ. ನಮ್ಮ ಕ್ರಿಯಾಪದದ ಜೀವ ಅದರ ಬಾಲದಲ್ಲಿದೆ. ಜೊತೆಗಾರನನ್ನು 30 ಅಡಿ ದೂರದ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ. ನೀವು ಮಾಮೂಲಿ ರಂಗದ ದನಿಯಲ್ಲಿ 'ಹೋದನು, ಹೋದಳು, ಹೋದರು, ಹೋದೆನು' ಎಂದು ಕ್ರಮ ತಪ್ಪಿಸಿ ಹತ್ತು ಸಲ ಹೇಳಿ, ಕೇಳಿದ್ದನ್ನು ಅವನು ಬರೆದುಕೊಳ್ಳಲಿ. ಹತ್ತರಲ್ಲಿ ಎಂಟು ಸರಿ ಇದ್ದರೆ ಖೋಲಿ ಒಳ್ಳೆಯದು. ಐದಾರು ಮಾತ್ರ ಸರಿಯಾದರೆ ಖೋಲಿ ಗುಂಯ್‌ಗುಡುತ್ತದೆ, ಹಿಂದಿನ ಅಕ್ಷರದ ಪ್ರತಿಧ್ವನಿ ಮುಂದಿನದನ್ನು ನುಂಗುತ್ತದೆ. ಇಂಥ ಖೋಲಿಯಲ್ಲಿ ತಿಂಗಳುಗಟ್ಟಲೆ ತಾಲೀಮು ಮಾಡಿದವರು ಗೊತ್ತಿಲ್ಲದೆ ಕೂಗಲು ಶುರು ಮಾಡುತ್ತಾರೆ, ಗಂಟಲು ಕೆಡುತ್ತದೆ. ಪರಿಹಾರ ಮನೆಯಲ್ಲೇ ಇದೆ: ನಾಲ್ಕು ಹಳೆಯ ದಪ್ಪ ಕೌದಿ. ಮೂಲೆಗೆ ಕೂಡುವ ಎರಡು ಗೋಡೆಗಳಿಗೆ ಹಗ್ಗ ಕಟ್ಟಿ, ಗೋಡೆಗೆ ಅಂಟಿಸದೆ ಮೂರು ಬೆರಳಿನಷ್ಟು ಸಂದು ಬಿಟ್ಟು ತೂಗು ಹಾಕಿ. ಎದುರುಬದುರು ಗೋಡೆಗಳ ನಡುವೆ ಓಡಾಡುವ ಸಪ್ಪಳ ಅರ್ಧದಲ್ಲೇ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಮಡಚಿ ಟ್ರಂಕಿಗೆ ಹಾಕಬಹುದು. ಥರ್ಮೋಕೋಲ್ ಹಚ್ಚಬೇಡಿ, ಅದು ಸಪ್ಪಳ ಹೀರುವುದಿಲ್ಲ, ಬೆಂಕಿ ಬೇಗ ಹಿಡಿಯುತ್ತದೆ.

ತಗಡಿನ ಶೆಡ್ಡು ಸಿಕ್ಕರೆ ಬೇಡ ಎನ್ನಿ. ಮಳೆ ಬಂದಾಗ ಪಕ್ಕದವರ ಮಾತೂ ಕೇಳಿಸದು, ಏಪ್ರಿಲ್‌ನಲ್ಲಿ ಒಳಗೆ ನಿಲ್ಲಲಾಗದು.

ಶೌಚಾಲಯ ಮತ್ತು ಬಟ್ಟೆ ಬದಲಿಸುವ ಖೋಲಿ: ಒಳಗಿನಿಂದ ಚಿಲಕ ಬೀಳುತ್ತದೆಯೇ, ಸಂಜೆ 5ಕ್ಕೂ ನಳದಲ್ಲಿ ನೀರು ಬರುತ್ತದೆಯೇ, ಕಿಟಕಿಗೆ ಮರೆ ಇದೆಯೇ ನೋಡಿ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಸರಿಪಡಿಸಿಯೇ ಶುರು ಮಾಡಿ. ಇಲ್ಲವಾದರೆ ಎರಡನೇ ವಾರಕ್ಕೆ ನಟಿಯರು ಬರುವುದು ನಿಲ್ಲಿಸುತ್ತಾರೆ, ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊರಹೋಗಲು ಎರಡು ಬಾಗಿಲು ಇರಲಿ, ಅಭ್ಯಾಸದ ವೇಳೆ ಯಾವುದಕ್ಕೂ ಒಳಗಿನಿಂದ ಬೀಗ ಬೇಡ.

4. ಅರ್ಜಿ

ಒಂದೇ ಪುಟ. ರಂಗಭೂಮಿಯ ಹಿರಿಮೆಯ ಬಗ್ಗೆ ಎರಡು ಪುಟ ಬರೆದರೆ ಓದುವವರು ಕೊನೆಗೆ ಬರುವುದೇ ಇಲ್ಲ. ಜಾಗ ಕೊಡುವವರಿಗೆ ಇರುವುದು ಭಯ: ಜಗಳವಾದರೆ, ಸಾಮಾನು ಒಡೆದರೆ, ಇವರು ಎದ್ದೇ ಹೋಗದಿದ್ದರೆ? ಅರ್ಜಿ ಆ ಭಯಕ್ಕೆ ಉತ್ತರವಾಗಿರಲಿ. ಇಷ್ಟು ಬರೆದರೆ ಸಾಕು:

'ತಮ್ಮ ಭವನದ ಹಿಂದಿನ ಖೋಲಿಯನ್ನು ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ 3:30ರಿಂದ 6ರವರೆಗೆ, ಮೊದಲ ಮೂರು ತಿಂಗಳ ಮಟ್ಟಿಗೆ, ವೃತ್ತಿ ಕಲಾವಿದರ ಅಭ್ಯಾಸಕ್ಕಾಗಿ ಉಚಿತವಾಗಿ ಬಳಸಲು ಅನುಮತಿ ಕೋರುತ್ತೇವೆ. ಒಂದು ಸಲಕ್ಕೆ 12 ಜನ ಮೀರುವುದಿಲ್ಲ. ಧ್ವನಿವರ್ಧಕ ಬಳಸುವುದಿಲ್ಲ. ಟಿಕೆಟ್, ಫೀ, ಚಂದಾ ಇರುವುದಿಲ್ಲ. ಅಡುಗೆ, ಊಟ, ಬ್ಯಾನರ್ ಇರುವುದಿಲ್ಲ. ಬಳಸಿದ ವಿದ್ಯುತ್ತಿನ ಹಣವನ್ನು ಪ್ರತಿ ತಿಂಗಳು 5ರೊಳಗೆ ಕೊಡುತ್ತೇವೆ. ಮದುವೆ, ಸಭೆ ಇದ್ದ ದಿನ ಒಂದು ದಿನ ಮೊದಲು ತಿಳಿಸಿದರೆ ಬರುವುದಿಲ್ಲ. ಜಾಗ ಬೇಕೆಂದಾಗ ಏಳು ದಿನದಲ್ಲಿ ತೆರವು ಮಾಡಿ ಚಾವಿ ಒಪ್ಪಿಸುತ್ತೇವೆ.'

ಕೆಳಗೆ ಏಳು ಜನರ ಸಹಿ, ಇಬ್ಬರ ಗುರುತಿನ ಚೀಟಿಯ ಪ್ರತಿ. ಎರಡು ಪ್ರತಿ ಒಯ್ಯಿರಿ. ಒಂದನ್ನು ಆವಕ ಶಾಖೆಗೆ, ಅಂದರೆ ಕಚೇರಿಗೆ ಬಂದ ಪತ್ರ ದಾಖಲಿಸುವಲ್ಲಿ ಕೊಡಿ. ಇನ್ನೊಂದರ ಮೇಲೆ ಮುದ್ರೆ, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಈ ಸಂಖ್ಯೆ ಇಲ್ಲದ ಅರ್ಜಿ ಕೊಟ್ಟಿಲ್ಲದ ಅರ್ಜಿಗೆ ಸಮ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೂ ಒಂದು ಪ್ರತಿ ಕೊಡಿ. ನಿಮ್ಮನ್ನು ಕಲಾವಿದರೆಂದು ಗುರುತಿಸಿದ ಒಂದು ಪತ್ರ ಅಲ್ಲಿಂದ ಸಿಕ್ಕರೆ ಬೇರೆ ಬಾಗಿಲು ತಟ್ಟಲು ಅನುಕೂಲ.

ಇಲ್ಲೊಂದು ಎಚ್ಚರಿಕೆ. 'ಜಾಗ ಪುಕ್ಕಟೆ ಕೊಡ್ತೀವಿ, ವರ್ಷಕ್ಕೊಮ್ಮೆ ನಮ್ಮ ಕಾರ್ಯಕ್ರಮಕ್ಕ ಒಂದು ನಾಟಕ ಪುಕ್ಕಟೆ ಆಡಿ ಕೊಡ್ರಿ' ಎಂಬ ಮಾತು ಬಂದೇ ಬರುತ್ತದೆ. ಒಪ್ಪಬೇಡಿ. ಪಗಾರದ ಮೇಲೆ ಬದುಕುವ ಕಲಾವಿದರು ಒಮ್ಮೆ ಪುಕ್ಕಟೆ ಆಡಿದರೆ ಊರಲ್ಲಿ ಅವರ ದರವೇ ಬಿದ್ದುಹೋಗುತ್ತದೆ. ಬದಲಿಗೆ, ಮೂರು ತಿಂಗಳಿಗೊಮ್ಮೆ ಜಾಗ ಕೊಟ್ಟವರನ್ನು ಕರೆದು ನಿಮ್ಮ ಅಭ್ಯಾಸವನ್ನೇ ತೋರಿಸಿ. ಮೇಕಪ್ ಇಲ್ಲ, ಪರದೆ ಇಲ್ಲ, ಮುಕ್ಕಾಲು ಗಂಟೆ. ಅವರಿಗೂ ತಾವು ಯಾವುದಕ್ಕೆ ಜಾಗ ಕೊಟ್ಟಿದ್ದೇವೆಂದು ತಿಳಿಯುತ್ತದೆ.

5. ಚಾವಿ, ಕರೆಂಟು, ಕಸ

ಚಾವಿ ಎರಡೇ ಇರಲಿ. ಒಂದು ಭವನದವರ ಬಳಿ, ಇನ್ನೊಂದು ಆ ತಿಂಗಳ ಪಾಳಿಯವರ ಬಳಿ. ಪಾಳಿಯವರು ಖೋಲಿಗೆ ಹತ್ತಿರ ಇರುವವರಾಗಿರಬೇಕು, ಕರೆ ಬಂದರೆ ಊರು ಬಿಡುವವರಾಗಿರಬಾರದು. ಚಾವಿ ಜೇಬಿನಲ್ಲಿಟ್ಟುಕೊಂಡೇ ಒಬ್ಬರು ಮುಧೋಳದ ನಾಟಕಕ್ಕೆ ಹೋದರೆ ಹನ್ನೊಂದು ಜನ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಪಾಳಿ ಬದಲಾಗುವಾಗ ವಹಿಯಲ್ಲಿ ಇಬ್ಬರದೂ ಸಹಿ ಇರಲಿ.

ಕರೆಂಟಿನ ಲೆಕ್ಕ ಸರಳ. 75 ವ್ಯಾಟ್‌ನ ನಾಲ್ಕು ಫ್ಯಾನು 300 ವ್ಯಾಟ್, 20 ವ್ಯಾಟ್‌ನ ಆರು ಎಲ್‌ಇಡಿ ಟ್ಯೂಬು 120, ಒಟ್ಟು 420. ದಿನಕ್ಕೆ 2.5 ಗಂಟೆಯಂತೆ 1.05 ಯೂನಿಟ್. ತಿಂಗಳಿಗೆ 13 ದಿನವೆಂದರೆ 14 ಯೂನಿಟ್ ಒಳಗೇ. ಭವನದ ಹೆಸ್ಕಾಂ ಬಿಲ್ಲಿನಲ್ಲಿರುವ ದರದಿಂದ ಗುಣಿಸಿ, 20 ಯೂನಿಟ್ ಎಂದು ಹಿಡಿದೇ ಹಣ ಕೊಟ್ಟುಬಿಡಿ, ರಸೀದಿ ಪಡೆಯಿರಿ. ಮೊತ್ತ ಚಿಕ್ಕದು, ಕೇಳುವ ಮೊದಲೇ ಕೊಟ್ಟಿದ್ದು ದೊಡ್ಡದು. ಈ ಹಣಕ್ಕಾಗಿ ಬಾಗಿಲ ಬಳಿ ಒಂದು ಡಬ್ಬಿ ಇಡಿ, ಯಾರು ಎಷ್ಟು ಹಾಕಿದರೆಂದು ಬರೆಯಬೇಡಿ. ಬರೆದ ದಿನದಿಂದ ಕೆಲಸವಿಲ್ಲದ ಕಲಾವಿದ ಬರಲು ಹಿಂಜರಿಯುತ್ತಾನೆ. ಖೋಲಿ ಮಾಡಿದ್ದೇ ಅವನಿಗಾಗಿ.

ಕಸ ಹೊಡೆಯುವುದು ಅಭ್ಯಾಸಕ್ಕೆ ಅರ್ಧ ಗಂಟೆ ಮೊದಲು, ನೀರು ಚಿಮುಕಿಸಿ. ಎಲ್ಲರೂ ಸೇರಿದ ಮೇಲೆ ಒಣ ಕಸಬರಿಗೆ ಆಡಿಸಿದರೆ ಎದ್ದ ಧೂಳು ನೇರ ಗಂಟಲಿಗೆ. ಮುಗಿದ ಮೇಲೆ ಇನ್ನೊಮ್ಮೆ. ಹಿರಿಯ ಕಲಾವಿದರಿಗೂ ಪಾಳಿ ತಪ್ಪಬಾರದು. ಹೊಸಬರ ಕೈಗೇ ಯಾವಾಗಲೂ ಕಸಬರಿಗೆ ಕೊಡುವ ಖೋಲಿಗೆ ಹೊಸಬರು ಬರುವುದಿಲ್ಲ.

ಟ್ರಂಕು ಒಂದೇ ಇರಲಿ: ಕೌದಿ, ಸೀಮೆಸುಣ್ಣ, ಮಾಸ್ಕಿಂಗ್ ಟೇಪು, ಪ್ರಥಮ ಚಿಕಿತ್ಸೆಯ ಡಬ್ಬಿ, ವಹಿ. ತಂಡಗಳ ಕಿರೀಟ, ಪರದೆ ಇಡಲು ಬಿಟ್ಟರೆ ಆರು ತಿಂಗಳಲ್ಲಿ ಅಭ್ಯಾಸದ ಖೋಲಿ ಗೋದಾಮಾಗುತ್ತದೆ. ಪೇಟಿಯನ್ನು, ಅಂದರೆ ಹಾರ್ಮೋನಿಯಂ ಅನ್ನು, ಅಲ್ಲಿ ಬಿಡಬೇಡಿ. ಮಳೆಗಾಲದ ಥಂಡಿಗೆ ಸ್ವರ ಕೆಡುತ್ತದೆ, ಗಾಳಿ ಊದುವ ಭಾತೆಯನ್ನು ಇಲಿ ಕಡಿಯುತ್ತದೆ.

6. ಎರಡೂವರೆ ಗಂಟೆ ಹೇಗೆ ಬಳಸುವುದು

ಮೊದಲ 25 ನಿಮಿಷ ಮೈ. ಕುತ್ತಿಗೆ, ಭುಜ, ಸೊಂಟ, ಮೊಣಕಾಲು, ಹಿಮ್ಮಡಿ ಸಡಿಲಿಸಿ ಆಮೇಲೆ ನಡಿಗೆ, ಓಟ. ಮೈ ಬಿಸಿಯಾಗದೆ ಜಿಗಿತ ಬೇಡ.

ನಂತರ 25 ನಿಮಿಷ ದನಿ. ಬಾಯಿ ಮುಚ್ಚಿ ಗುನುಗುವುದರಿಂದ ಶುರು ಮಾಡಿ, ಮಧ್ಯಮ ದನಿಗೆ ಬನ್ನಿ, ಏರುದನಿ ಕೊನೆಗೆ. ಪಾರಿಜಾತದ ಹಾಡುಗಳನ್ನು ಹಾಡುವವರು ಕಾಳಿ ನಾಲ್ಕು, ಕಾಳಿ ಐದರ ಪಟ್ಟಿಗೆ ನೇರ ಜಿಗಿಯುವ ರೂಢಿ ಇದೆ. ಕಾಳಿ ಎಂದರೆ ಪೇಟಿಯ ಕಪ್ಪು ಮನೆ, ಪಟ್ಟಿ ಎಂದರೆ ಹಾಡುವ ಶ್ರುತಿ. ಎರಡು ಮನೆ ಕೆಳಗಿನಿಂದ ಶುರು ಮಾಡಿ ಹತ್ತು ನಿಮಿಷದಲ್ಲಿ ಮೇಲೇರಿ. ದನಿ ಒಡೆದದ್ದು ಮೂರು ವಾರಕ್ಕೂ ಸರಿಹೋಗದಿದ್ದರೆ ಜೇಷ್ಠಮಧು ಬಿಟ್ಟು ಕಿವಿ, ಮೂಗು, ಗಂಟಲಿನ ಡಾಕ್ಟರರಿಗೆ ತೋರಿಸಿ.

ಆಮೇಲೆ 75 ನಿಮಿಷ ದೃಶ್ಯ. ಒಬ್ಬರಿಗೆ ಅಥವಾ ಒಂದು ಜೋಡಿಗೆ 15 ನಿಮಿಷ, ದಿನಕ್ಕೆ ಐದು ಸರತಿ, ಹೆಸರು ಹಿಂದಿನ ದಿನವೇ ವಹಿಯಲ್ಲಿ. ನೀವು ಆಡಬೇಕಾದ ಸ್ಟೇಜಿನ ಅಳತೆ ಮೊದಲೇ ತಿಳಿದು ನೆಲದ ಮೇಲೆ ಅದೇ ಗಾತ್ರದಲ್ಲಿ ಗುರುತು ಮಾಡಿ. ಪೂರ್ತಿ ಗೆರೆ ಬೇಡ, ನಾಲ್ಕು ಮೂಲೆಗೆ ಒಂದೊಂದು ಅಡಿ ಟೇಪು, ಪ್ರವೇಶದ ಜಾಗಕ್ಕೆ ಸೀಮೆಸುಣ್ಣ ಸಾಕು. ಪ್ಯಾಕಿಂಗಿನ ಅಂಟುಪಟ್ಟಿ ಬಳಸಿದರೆ ಟೈಲ್ಸ್ ಮೇಲೆ ಅಂಟು ಉಳಿದು ಭವನದವರ ಸಿಟ್ಟಿಗೆ ಗುರಿಯಾಗುತ್ತೀರಿ. ಹಳ್ಳಿ ಸ್ಟೇಜು ಕಿರಿದು. ದೊಡ್ಡ ಖೋಲಿಯಲ್ಲಿ ಎಂಟು ಹೆಜ್ಜೆ ನಡೆದು ಹೇಳಿದ ಮಾತನ್ನು ಅಲ್ಲಿ ನಾಲ್ಕೇ ಹೆಜ್ಜೆಯಲ್ಲಿ ಮುಗಿಸಬೇಕಾಗುತ್ತದೆ.

ಉಳಿದದ್ದರಲ್ಲಿ 15 ನಿಮಿಷ ಮಾತುಕತೆ, 10 ನಿಮಿಷ ಸ್ವಚ್ಛತೆ. ನೋಡಿದವರು 'ಚಲೋ ಆತು' ಎನ್ನುವುದು ಬೇಡ. ಯಾವ ಮಾತು ಕೇಳಿಸಲಿಲ್ಲ, ಎಲ್ಲಿ ಮುಖ ಮರೆಯಾಯಿತು ಎಂಬ ಎರಡನ್ನೇ ಹೇಳಿ. ಇನ್ನೊಬ್ಬರ ಪಾತ್ರವನ್ನು ತಾನು ಹೇಗೆ ಆಡುತ್ತಿದ್ದೆ ಎಂದು ತೋರಿಸಲು ಎದ್ದು ನಿಲ್ಲುವವರನ್ನು ಕೂಡ್ರಿಸಿ.

ಅಪ್ಪಣೆ ಇಲ್ಲದೆ ಯಾರದೂ ವಿಡಿಯೋ ಬೇಡ. ಆಡಿಷನ್‌ಗೆ ಕಳಿಸುವ ವಿಡಿಯೋ ಮಾಡುವವರಿಗೆ ಮಾತ್ರ ಒಂದು ಮೂಲೆ ಬಿಡಿ: ಬಿಳಿ ಗೋಡೆಗೆ ಬೆನ್ನು, ಕಿಟಕಿಗೆ ಮುಖ, ಮೊಬೈಲು ಕಣ್ಣಿನ ಎತ್ತರಕ್ಕೆ ಅಡ್ಡ, ತಲೆಯ ಮೇಲಿನ ಫ್ಯಾನು ಬಂದ್. ಬೇರೆಯವರ ನಾಟಕದ ದೃಶ್ಯವನ್ನು ಅಭ್ಯಾಸಕ್ಕೆ ಆಡಬಹುದು, ಸಾರ್ವಜನಿಕವಾಗಿ ಹರಿಬಿಡಲು ನಾಟಕಕಾರರ ಅನುಮತಿ ಬೇಕು. ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ.

7. ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಬರುವಂತೆ

ಮೊದಲ ದಿನವೇ ಬಾಗಿಲಿಗೆ ಅಂಟಿಸಿ: ಕುಡಿದು ಬಂದವರಿಗೆ ಪ್ರವೇಶವಿಲ್ಲ, ಎಷ್ಟೇ ಹಿರಿಯರಾಗಿರಲಿ. ಮುಟ್ಟುವ ದೃಶ್ಯವಿದ್ದರೆ ಎಲ್ಲಿ, ಹೇಗೆ ಎಂದು ಮೊದಲು ಬಾಯಲ್ಲಿ ಹೇಳಿ ಒಪ್ಪಿಗೆ ಪಡೆದು ಆಮೇಲೆ ಅಭ್ಯಾಸ. ದೂರು ಕೇಳಲು ಇಬ್ಬರನ್ನು ಆರಿಸಿ, ಒಬ್ಬರು ಹೆಣ್ಣುಮಗಳು, ಒಬ್ಬರು ಯಾವ ಕಂಪನಿಗೂ ಸೇರದವರು. ಅಲ್ಲಿಗೆ ಬಗೆಹರಿಯದಿದ್ದರೆ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಜಿಲ್ಲೆಯಲ್ಲಿರುವ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಸಣ್ಣ ತಂಡಗಳ ನಟಿಯರಿಗೂ ಆ ಬಾಗಿಲು ತೆರೆದಿದೆ. ಮಹಿಳಾ ಸಹಾಯವಾಣಿ 181 ಮತ್ತು ತುರ್ತು ಸಹಾಯದ 112 ಸಂಖ್ಯೆಗಳನ್ನು ಅದೇ ಹಾಳೆಯ ಮೇಲೆ ದಪ್ಪಗೆ ಬರೆಯಿರಿ. ಆರು ಗಂಟೆಗೆ ಮುಗಿಯಬೇಕಾದ್ದು ಆರಕ್ಕೇ ಮುಗಿಯಲಿ.

8. ವರ್ಷದ ಲೆಕ್ಕ

ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ಕಂಪನಿಗಳು ಬೀಡು ಬಿಟ್ಟಾಗ ನಿಮ್ಮಲ್ಲಿ ಅರ್ಧ ಜನ ಅಲ್ಲೇ ಇರುತ್ತೀರಿ. ಆಗ ವಾರಕ್ಕೆ ಒಂದೇ ದಿನ ಸಾಕು, ಭವನದವರಿಗೆ ಬರೆದು ತಿಳಿಸಿ. ಬಾಗಲಕೋಟೆಯ ಹೋಳಿಯ ದಿನಗಳಲ್ಲಿ ಹಲಗಿ ಸಪ್ಪಳ, ಬಣ್ಣ, ಆಗ ರಜೆಯೇ ಸರಿ. ಮಾರ್ಚ್, ಏಪ್ರಿಲ್‌ನಲ್ಲಿ ಪರೀಕ್ಷೆ: ಬಾಜೂ ಮನೆಯ ಹುಡುಗರು ಓದುತ್ತಿರುತ್ತಾರೆ, ದನಿಯ ಅಭ್ಯಾಸ ಕಿಟಕಿ ಮುಚ್ಚಿಯೇ ಆಗಲಿ. ಮೇ ತಿಂಗಳು ಮದುವೆ. ಜೂನ್‌ನಿಂದ ಸೆಪ್ಟೆಂಬರ್ ನಿಮ್ಮ ನಿಜವಾದ ಹಂಗಾಮು. ಗಣಪತಿ ಹಬ್ಬದ ವಾರ ಬಿಟ್ಟರೆ ಅಡ್ಡಿ ಕಡಿಮೆ. ಬೆಳಗಾವಿಯವರು ಡಿಸೆಂಬರ್‌ನ ಅಧಿವೇಶನದ ದಿನಗಳನ್ನು ಮೊದಲೇ ಬಿಟ್ಟುಕೊಡಿ, ಬಂದೋಬಸ್ತಿಗೆ ಬಂದವರ ವಸತಿಗೆ ಎಷ್ಟೋ ಭವನಗಳು ಹೋಗುತ್ತವೆ. ವಿಜಯಪುರದವರಿಗೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ. ಚುನಾವಣೆ ಘೋಷಣೆಯಾದರೆ ಸರ್ಕಾರಿ ಕಟ್ಟಡದಲ್ಲಿರುವವರು ಕೂಡಲೇ ಹೋಗಿ ಅನುಮತಿ ಮುಂದುವರಿಯುತ್ತದೆಯೇ ಕೇಳಿ.

ಮೂರು ತಿಂಗಳು ಮುಗಿಯಲು ಹದಿನೈದು ದಿನ ಇರುವಾಗಲೇ ಮುಂದುವರಿಕೆಯ ಅರ್ಜಿ ಕೊಡಿ. ಹಾಜರಿ ವಹಿಯ ಪ್ರತಿ, ಕರೆಂಟ್ ಹಣದ ರಸೀದಿ ಲಗತ್ತಿಸಿ. ನೋಂದಣಿಗೆ ಸರಿಯಾದ ಹೊತ್ತು ಇದು. ಮೂರು ತಿಂಗಳು ಜೊತೆಯಾಗಿ ಕಸ ಹೊಡೆದವರಿಗೆ ಕಾರ್ಯದರ್ಶಿ ಯಾರಾಗಬೇಕೆಂದು ಗೊತ್ತಿರುತ್ತದೆ.

ಮುಂದುವರಿಕೆ ಸಿಗದಿದ್ದರೆ ವಾದ ಮಾಡದೆ ತೆರವು ಮಾಡಿ. ಟೇಪಿನ ಗುರುತು ಕಿತ್ತು, ಹಗ್ಗಕ್ಕಾಗಿ ಹೊಡೆದ ಮೊಳೆಯ ತೂತಿಗೆ ಸಿಮೆಂಟ್ ತುಂಬಿ, ನೆಲ ಒರೆಸಿ, ನಾಲ್ಕೂ ಗೋಡೆಯ ಫೋಟೋ ತೆಗೆಯಿರಿ. ಚಾವಿಯನ್ನು ವಾಚ್‌ಮನ್ ಕೈಗಲ್ಲ, ಅನುಮತಿ ಕೊಟ್ಟವರ ಕೈಗೆ ಕೊಟ್ಟು, 'ಚಾವಿ ಮುಟ್ಟಿತು, ಬಾಕಿ ಏನೂ ಇಲ್ಲ' ಎಂದು ಬರೆಸಿ ಸಹಿ ಪಡೆಯಿರಿ. ಮುಂದಿನ ಭವನದವರಿಗೆ ಕೊಡುವ ಅರ್ಜಿಯ ಜೊತೆ ಮೊದಲು ಲಗತ್ತಿಸಬೇಕಾದ ಕಾಗದ ಅದೇ.